ನಿಮ್ಮಪ್ಪನ ಸರದಿ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ನನ್ನ ಪ್ರೀತಿಯ ಗುಂಡಮ್ಮಾ,

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತೀಯೋ, ಇಲ್ಲ ಹಾಸ್ಟೆಲಿನ ಹುಡುಗಿಯರಿಗೆ ಬುದ್ಧಿ ಹೇಳುವುದರಲ್ಲೇ ನಿನ್ನದು ಮರೆತುಹೋಗುತ್ತದೋ? ವಾರ್ಡನ್ ಆದವಳು ಮೊದಲು ತಾನು ನೆಟ್ಟಗಿರಬೇಕು ತಾಯಿ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ಚಿಂತೆ ಬೇಡ. ಈ ಕಾಲದಲ್ಲಿ ಅಮ್ಮ ಕಾಗದ ಬರೆದಿದ್ದಾಳಲ್ಲ ಅಂತ ನಗಬೇಡ. ಫೋನು ಈಗ ದಿನವಿಡೀ ನಿಮ್ಮಪ್ಪನ ಕೈಯಲ್ಲೇ ಇರುತ್ತದೆ. ವಾಚನಾಲಯದ ಕಂಪ್ಯೂಟರ್ ಮೇಡಂ ಅದರಲ್ಲಿ ಏನೋ ಒತ್ತಿ, ಬಂದದ್ದು ಹೋದದ್ದನ್ನೆಲ್ಲ ಗಟ್ಟಿಯಾಗಿ ಓದುವ ಹಾಗೆ ಮಾಡಿಕೊಟ್ಟಿದ್ದಾರೆ. ಕಣ್ಣು ಕಾಣದವರಿಗೆ ಅದು ಊರುಗೋಲಿದ್ದಂತೆ, ಸುಳ್ಳಲ್ಲ. ಆದರೆ ಒಂದೇ ಕೋಣೆಯ ಮನೆಯಲ್ಲಿ ನಾನು ನಿನಗೊಂದು ಮಾತು ಗುಟ್ಟಾಗಿ ಹೇಳುವ ಹಾಗಿಲ್ಲ. ಪೆನ್ನಾದರೆ ಬಾಯಿ ಬಿಡುವುದಿಲ್ಲ.

ಶನಿವಾರ ಆಸ್ಪತ್ರೆಗೆ ಹೋಗಿದ್ದೆವು. ನಿಮ್ಮಪ್ಪನ ಎಡಗಣ್ಣು ಹೋಗಿ ಆರು ವರ್ಷವಾಯಿತು, ಬಲಗಣ್ಣಿಗಾದರೂ ದಾನದ ಕಣ್ಣಿನ ಪದರ ಕೂರಿಸುತ್ತಾರೆ ಅಂತ ಎರಡು ವರ್ಷ ಸರದಿಯಲ್ಲಿ ಕಾದೆವು. ಹೋದ ತಿಂಗಳು ಸರದಿ ಬಂದು, ನಾವು ಹೋಗದೆ ಅದು ಮುಂದಿನವರ ಪಾಲಾದದ್ದು ನಿನಗೆ ಗೊತ್ತೇ ಇದೆ. ಆಮೇಲೆ ಆ ಕಣ್ಣಿಗೆ ಕೀವು ಹತ್ತಿತು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಒಳಗೆಲ್ಲ ಹೋಗಿದೆ ಅಮ್ಮ, ಇನ್ನು ಯಾರ ಕಣ್ಣು ತಂದ್ರೂ ಕೂರ್ಸೋಕಾಗಲ್ಲ" ಅಂದರು. ನಿಮ್ಮಪ್ಪ ಮನೆಗೆ ಬಂದವರೇ ಕಿಟಕಿ ಪಕ್ಕದ ಮೇಜಿಗೆ ಕೂತು, ಯಾರದೋ ಕೈಗಡಿಯಾರದ ಬೆನ್ನು ಬಿಚ್ಚಿದರು. ಮೂವತ್ತು ವರ್ಷ ರಿಪೇರಿ ಮಾಡಿದ ಬೆರಳು, ಬಿಚ್ಚುವುದು ಬಂತು. ಸ್ಕ್ರೂ ಒಂದು ಕೆಳಗೆ ಬಿತ್ತು. ನಾನು ನೆಲವೆಲ್ಲ ಸವರಿ ಹುಡುಕಿ ಕೈಗಿಟ್ಟೆ. ಎಲ್ಲಿ ಕೂರಿಸಬೇಕೆಂದು ಸುಮಾರು ಹೊತ್ತು ತಡಕಾಡಿ, ಕೊನೆಗೆ "ತಗೋ, ಮೂಗುಬೊಟ್ಟು ಮಾಡಿಸ್ಕೋ" ಅಂದರು. ನಕ್ಕೆ. ನಗದೆ ಇನ್ನೇನು ಮಾಡಲಿ?

ನೀನು ಹಟ ಹಿಡಿದು ನನ್ನನ್ನು ವಾಚನಾಲಯದ ಆ ಫೋನಿನ ಕ್ಲಾಸಿಗೆ ಸೇರಿಸಿದ್ದಕ್ಕೆ ನಾನು ಯಾವತ್ತೂ ಬೇಸರಪಟ್ಟವಳಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯದಕ್ಕೇ ಪುಸ್ತಕ ಮುಚ್ಚಿದವಳು ನಾನು. ಐವತ್ತಕ್ಕೆ ಔಷಧಿ ಚೀಟಿಯ ಪಟ ತೆಗೆದು ಓದಿಸಿಕೊಳ್ಳುವುದು ಕಲಿತೆ, ಬೆಳಗಿನ ಪ್ರಾರ್ಥನೆ ಹಚ್ಚಿಕೊಂಡು ಅಡುಗೆ ಮಾಡುವುದು ಕಲಿತೆ, ದೂರದಲ್ಲಿರುವ ನಿನ್ನ ಮುಖ ನೋಡಿದೆ. ಬೀದಿಯ ಹೆಂಗಸರೆಲ್ಲ ನನಗೆ ಫೋನಮ್ಮ ಅಂತ ಹೆಸರಿಟ್ಟರು. ಇಸ್ತ್ರಿಯವಳು ಯಾವುದೋ ಸುಳ್ಳು ಬಹುಮಾನದ ಲಿಂಕ್ ಒತ್ತಲು ಹೋದಾಗ ಕೈ ಹಿಡಿದು ನಿಲ್ಲಿಸಿದವಳು ನಾನೇ. "ಅಕ್ಕಾ, ನೀನು ಪೊಲೀಸಾಗಬೇಕಿತ್ತು ಬಿಡು" ಅಂದಿದ್ದಳು. ಜಂಬ ಬಂತು ಮಗಳೇ. ದೇವರ ಮುಂದೆ ಕೂತಾಗಲೂ ಆ ಜಂಬ ಇಳಿಯಲಿಲ್ಲ.

ಭಾನುವಾರ ಆಸ್ಪತ್ರೆ ಕೌಂಟರಿನ ಆ ಕನ್ನಡಕದ ಹುಡುಗಿ ಮನೆ ಹುಡುಕಿಕೊಂಡು ಬಂದಿದ್ದಳು. ಸದ್ಯ, ನಿಮ್ಮಪ್ಪ ಫೋನು ಮನೆಯಲ್ಲೇ ಬಿಟ್ಟು ಕ್ಷೌರಕ್ಕೆ ಹೋಗಿದ್ದರು. ನೀನು ಆಸ್ಪತ್ರೆಗೆ ದೂರು ಕಳಿಸಿದ ಮೇಲೆ ಅವಳನ್ನು ಕೆಲಸದಿಂದ ನಿಲ್ಲಿಸಿದ್ದಾರಂತೆ. ನಮಗೆ ತಿಳಿಸದೆ ಸರದಿಯನ್ನು ಬೇಕಾದವರಿಗೆ ಕೊಟ್ಟಳು ಅಂತ ಆರೋಪ, ಶುಕ್ರವಾರ ವಿಚಾರಣೆ. "ಕೌಂಟರ್ ಫೋನ್ ಕೆಟ್ಟಿತ್ತು ಆಂಟಿ, ಅದಕ್ಕೆ ನನ್ನ ಫೋನಿಂದಾನೇ ಮೆಸೇಜ್ ಮಾಡ್ದೆ, ಮೂರು ಸಲ ಕಾಲ್ ಮಾಡ್ದೆ, ಸ್ವಂತ ಫೋನಿಂದು ಲೆಕ್ಕಕ್ಕಿಲ್ಲ ಅಂತಾರೆ. ಒಂದ್ಸಲ ನಿಮ್ಮ ಫೋನ್ ನೋಡಿ ಹೇಳಿ ಸಾಕು" ಅಂತ ಅತ್ತಳು. ನಾನು ಕನ್ನಡಕ ಹಾಕಿಕೊಂಡು ಫೋನು ನೋಡಿದೆ. ಏನೂ ಇಲ್ಲಮ್ಮ ಅಂದೆ. ನೀರು ಕೊಟ್ಟೆ, ಕುಡಿಯಲಿಲ್ಲ. ಮೆಟ್ಟಿಲಿಳಿದು ಹೋಗುವಾಗ ತನ್ನ ಚಪ್ಪಲಿ ಬಿಟ್ಟು ನನ್ನದನ್ನು ಮೆಟ್ಟಿಕೊಂಡಿದ್ದಳು, ಅರ್ಧಕ್ಕೆ ವಾಪಸ್ ಬಂದು ಬದಲಾಯಿಸಿಕೊಂಡು, "ಸಾರಿ ಆಂಟಿ" ಅಂತ ಅದಕ್ಕೂ ಕ್ಷಮೆ ಕೇಳಿ ಹೋದಳು.

ಇನ್ನೇನು ಬರೆಯಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಮಲಗುವ ಮುಂಚೆ ಒಂದು ಸಲ ದೇವರನ್ನು ನೆನೆ. ನನ್ನ ಪುಣ್ಯ ಅಂತ ಏನಾದರೂ ಉಳಿದಿದ್ದರೆ ಅದೆಲ್ಲ ನಿನಗಿರಲಿ. ನಿಮ್ಮಪ್ಪನೂ ಆಶೀರ್ವಾದ ತಿಳಿಸಿದ್ದಾರೆ ಅಂತಲೇ ತಿಳಿದುಕೋ.

ಇಂತಿ ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸಿದ್ದನ್ನು ಹರಿದು ಇಷ್ಟು ಸೇರಿಸುತ್ತಿದ್ದೇನೆ. ಹೋದ ತಿಂಗಳು ಮೆಸೇಜು ಬಂದಿತ್ತು. "ನಿಮ್ಮ ಸರದಿ ಬಂದಿದೆ, ಸಂಜೆ ಐದರೊಳಗೆ ಈ ಲಿಂಕ್ ಒತ್ತಿ ಒಪ್ಪಿಗೆ ತಿಳಿಸಿ" ಅಂತ. ಗೊತ್ತಿಲ್ಲದ ನಂಬರು. ಅವಸರ ಮಾಡುವವನು ಕಳ್ಳ ಅಂತ ಮೇಡಂ ಕಲಿಸಿದ್ದರು. ಅಳಿಸಿ ಬ್ಲಾಕ್ ಮಾಡಿದೆ, ಮಾಡಿ ನಿಮ್ಮಪ್ಪನಿಗೆ ಹೆಮ್ಮೆಯಿಂದ "ಇವತ್ತೊಬ್ಬ ಕಳ್ಳನನ್ನ ಓಡಿಸಿದೆ" ಅಂತಲೂ ಹೇಳಿದೆ. ಅವರು ಶಭಾಷ್ ಅಂದರು. ವಾರದ ಮೇಲೆ ಆಸ್ಪತ್ರೆಯಲ್ಲಿ "ಯಾಕೆ ಬರಲಿಲ್ಲ" ಅಂತ ಕೇಳಿದಾಗಲೇ ನನಗೆ ಹೊಳೆಯಿತು. ಅವರಿಗೆ ಹೊಳೆಯಲಿಲ್ಲ. ಹುಡುಗಿ ಬಂದಾಗ ಆ ನಂಬರು ಬ್ಲಾಕ್ ಪಟ್ಟಿಯಲ್ಲಿ ನನ್ನ ಕಣ್ಣ ಮುಂದೆಯೇ ಇತ್ತು. ನೀನು ದೂರು ವಾಪಸ್ ತಗೋ, ಅವಳದೇನೂ ತಪ್ಪಿಲ್ಲ ಅಂತ ಬರೆ. ಕಾಗದ ನಿನಗೆ ತಲುಪಲು ನಾಲ್ಕು ದಿನ ಬೇಕು ಅಂತ ಅಂಚೆಯವನು ನಿನ್ನೆಯೇ ಹೇಳಿದ್ದಾನೆ. ಶುಕ್ರವಾರಕ್ಕೆ ಮೂರೇ ದಿನ. ಎಣಿಸಿ ನೋಡಿಯೇ ಹಾಕುತ್ತಿದ್ದೇನೆ.