ಉಗುರಿನಷ್ಟು ಜಾಗ

ಅಪ್ಪಾ,

ನೀನಿದ್ದಿದ್ದರೆ ಇವತ್ತು ನನ್ನ ಮುಖಕ್ಕೆ ಉಗಿಯುತ್ತಿದ್ದೆ. ಒಂದು ಹಾಯಿದೋಣಿಯ ಕೋಣೆಗೆ ತೇಗದ ನೆಲ ಹಾಕಿ ಬಂದೆ. ತೇಗವೆಂದರೆ ತೇಗದ ಚಿತ್ರ ಅಷ್ಟೇ, ಅಚ್ಚು ಹೊಡೆದ ಪ್ಲಾಸ್ಟಿಕ್ ಹಾಳೆ. "ನಿಜವಾದ ಮರ ನಮ್ಮ ಕೈಗೆಟುಕಲ್ಲ, ಮರದ ಥರ ಕಂಡ್ರೆ ಸಾಕು" ಎಂದಿದ್ದರು ದೋಣಿಯ ಯಜಮಾನಿ. ಎರಡಡಿಗೊಮ್ಮೆ ಅದೇ ಗಂಟು, ಅದೇ ಗೆರೆ. ಕತ್ತರಿಸಿ ಅಂಟು ಬಳಿದರೆ ಸುಟ್ಟ ಬಾಚಣಿಗೆಯ ನಾತ.

ಯಜಮಾನಿ ಮಾತ್ರ ಬಗ್ಗಿ ಕೈಯಾಡಿಸಿದರು. "ಥೇಟ್ ಮರಾನೇ! ಆದ್ರೆ ಸುತ್ತ ಇದೇನು ಸಂದು ಬಿಟ್ಟಿದ್ದೀರಿ?"

ಆಗಲೇ ನಾನೂ ನೋಡಿದ್ದು. ಹಳೆಯ ಅಭ್ಯಾಸಕ್ಕೆ ಕೈ ತನ್ನಷ್ಟಕ್ಕೆ ಸಂದು ಬಿಟ್ಟುಬಿಟ್ಟಿತ್ತು.

"ತೇವಕ್ಕೆ ಮರ ಉಬ್ಬುತ್ತಲ್ಲ ಮೇಡಂ, ಉಸಿರಾಡೋಕೆ ಉಗುರಿನಷ್ಟು ಜಾಗ ಬೇಕು" ಎಂದೆ. ನಿನ್ನದೇ ಮಾತು, ನಿನ್ನದೇ ಧಾಟಿ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪ್ಲಾಸ್ಟಿಕ್ಕು ಯಾವಾಗಿಂದ ಉಸಿರಾಡೋಕೆ ಶುರು ಮಾಡ್ತು?"

ನಮ್ಮ ಮರಗೆಲಸದ ಕಾರ್ಖಾನೆಗೆ ಕೊನೆಯ ಸಲ ಬಂದಾಗಲೂ ನೀನು ಆ ಉಗುರಿನಷ್ಟು ಜಾಗದ ಮಾತನ್ನೇ ಹೇಳಿದ್ದೆ. "ನಿನ್ನ ಮರದ ಪುರಾಣ ಸಾಕು, ಮನೇಲಿ ಬಿದ್ದಿರು" ಎಂದು ಗಿರಾಕಿಗಳೆದುರಿಗೇ ಗದರಿದ್ದೆ ನಾನು. ನೀನು ಉಳಿಯನ್ನು ಒರೆಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ.

ಸಂದನ್ನು ಮುಚ್ಚಲೇಬೇಕಾಯಿತು. ಕಂದು ಬಣ್ಣದ ಮೇಣದಂಥದ್ದನ್ನು ತುಂಬಿ, ಮಂಡಿಯೂರಿ, ಬೆರಳಿನಿಂದ ಒತ್ತಿ ಒತ್ತಿ ಸವರಿದೆ. ಈಗ ಮೂರು ಸಲ ಸೋಪು ಹಾಕಿ ಉಜ್ಜಿದ್ದೇನೆ, ಉಗುರಿನೊಳಗಿಂದ ಅದು ಹೋಗುತ್ತಲೇ ಇಲ್ಲ.