ಪರದೆಯ ಹಿಂದಿನ ಶಾಲೆ

ಕೂಡ್ಲಿಗಿ, ೧೯೮೪

ಅಪ್ಪಾ,

ನೀವಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಗುಡೇಕೋಟೆಯಲ್ಲಿ ನೀವು ಪಾಠ ಹೇಳುತ್ತಿದ್ದ ಶಾಲೆ ಬಿದ್ದುಹೋಗಿ, ಅಲ್ಲೇ ಹೊಸದು ಎದ್ದಿದೆ. ಅಲ್ಲಿ ತೂಗುಹಾಕಲು ಹಳೆಯ ಕಟ್ಟಡದ ಫೋಟೊ ಹುಡುಕಿಕೊಡಿ ಎಂದು ಶಾಲೆಯವರು ನನ್ನನ್ನು ಕೇಳಿದ್ದರು. ಮನೆಮನೆಯ ಗ್ರೂಪ್ ಫೋಟೊಗಳನ್ನು ನೋಡಿದೆ. ಎಲ್ಲದರಲ್ಲೂ ಮಕ್ಕಳ ಹಿಂದೆ ಅರಮನೆ, ಹಂಸಗಳ ಕೊಳ. ಫೋಟೊ ತೆಗೆಯುವ ಶೇಖಾವಲಿಯವರು ಬರೆಸಿದ್ದ ಪರದೆ ಅದು. ಮಾಸಿದ ಗೋಡೆ ಕಾಣಬಾರದೆಂದು ಊರವರೇ ಕಟ್ಟಿಸುತ್ತಿದ್ದರಂತೆ. ನೀವೂ ಯಾವುದರಲ್ಲೂ ಇರಲಿಲ್ಲ.

ಇವತ್ತು ಅವರ ಸ್ಟುಡಿಯೊಗೇ ಹೋದೆ. ಕೆಟ್ಟ ಪ್ರಿಂಟುಗಳ ಡಬ್ಬಿಯಿಂದ ಒಂದನ್ನು ತೆಗೆದುಕೊಟ್ಟರು.

“ಅವತ್ತು ಗಾಳಿಗೆ ಪರದೆ ಹಾರಿತ್ರಿ. ಹಿಂದ ನಿಂತು ಹಿಡಕಂತಿದ್ದವ್ರು ನಿಮ್ಮ ಅಪ್ಪಾರೇ. ಪ್ರತಿ ವರ್ಷ ಅವ್ರೇ.”

ಗೋಡೆ, ಬಾಗಿಲು, ಮಣ್ಣಿನ ಮಾಳಿಗೆ ಎಲ್ಲ ಕಂಡವು. ಪಕ್ಕದಲ್ಲಿ ಪರದೆಯ ತುದಿ ಹಿಡಿದು ನೀವು ಬಾಯ್ತುಂಬ ನಗುತ್ತಿದ್ದಿರಿ. ಕೊಟ್ಟೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದಿದ ನನಗೆ ಆ ನಗು ಗೊತ್ತಿರಲಿಲ್ಲ.

“ಸಾಲಿ ಅಷ್ಟೇ ಬೇಕಲ್ರಿ? ಮೇಷ್ಟ್ರು ಅಂಚಿಗೆ ಅದಾರ. ದೊಡ್ಡದು ಮಾಡಿದ್ರ ಫ್ರೇಮಿನಾಗ ಎರಡೂ ಪೂರ್ತಿ ಹಿಡಿಯಂಗಿಲ್ಲ.”

“ಬಾಗಿಲು ಅರ್ಧ ಹೋದ್ರೂ ಚಿಂತಿಲ್ರಿ, ಅವರು ಪೂರ್ತಿ ಇರ್ಲಿ” ಎಂದೆ.

ಸೋಮವಾರ ಗೋಡೆಗೆ ಹಾಕುತ್ತಾರೆ. ಇವರು ಯಾರು ಎಂದು ಮಕ್ಕಳು ಕೇಳಿದರೆ ಹೇಳಲು ನಾನೂ ಹೋಗುತ್ತೇನೆ.

ನಿಮ್ಮ ಮಗಳು
ಸರ್ವಮಂಗಳಾ