ಎರಡು ಸಲ ಕೂಗಿದ ಹೆಸರು

ಒಕಾಯಾಮ
11 ಫೆಬ್ರವರಿ 2009

ಪ್ರೀತಿಯ ಫುಸಾಕೊ ಅಕ್ಕನಿಗೆ,

ಮಿತ್ಸುಯೊ ಮಾಡುವ ನಮಸ್ಕಾರಗಳು. ಸೆಂಡಾಯ್‌ನಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ. ಮಂಡಿನೋವು ಹೇಗಿದೆ? ನಿಮ್ಮ ಹೊಸವರ್ಷದ ಕಾರ್ಡಿಗೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಸಾವಾದ ಮನೆಯವರು ಆ ವರ್ಷ ಶುಭಾಶಯ ಕಳಿಸುವುದಿಲ್ಲ, ಅವರಿಗೂ ಯಾರೂ ಕಳಿಸುವುದಿಲ್ಲ. ಅದನ್ನು ತಿಳಿಸುವ ಕಾರ್ಡನ್ನು ಡಿಸೆಂಬರಿನಲ್ಲೇ ನಿಮಗೆ ಹಾಕಿದ್ದೆ. ನೀವು ನೋಡಲಿಲ್ಲವೇನೋ. ನಮ್ಮವರು ಅಕ್ಟೋಬರಿನಲ್ಲಿ ಹೋದರು. ನಿಮ್ಮ "ಹೊಸವರ್ಷ ಶುಭವಾಗಲಿ" ಅವರ ಫೋಟೊದ ಮುಂದೆ ಕೆಲವು ದಿನ ಇತ್ತು, ಆಮೇಲೆ ನಾನೇ ತೆಗೆದಿಟ್ಟೆ.

ಕಾರ್ಡಿನಲ್ಲಿದ್ದ ನಮ್ಮ ಹಳೆಯ ಬೇಸ್‌ಬಾಲ್ ಕ್ರೀಡಾಂಗಣದ ಚಿತ್ರವೇನೋ ಚೆನ್ನಾಗಿತ್ತು. ಕಂಪನಿ ತಂಡವನ್ನು ಮಾರಿತು, ಕೊಂಡವರು ಅದನ್ನು ಉತ್ತರಕ್ಕೆ ಕೊಂಡೊಯ್ದರು, ಜೊತೆಗೆ ಮೈಕಿನಲ್ಲಿ ಆಟಗಾರರ ಹೆಸರು ಕೂಗುವ ನಿಮ್ಮನ್ನೂ. ನಮಗೆ ಉಳಿದದ್ದು ಖಾಲಿ ಗ್ಯಾಲರಿ. ಹುಲ್ಲಿನ ಮೇಲೆ ಮಾದರಿ ಮನೆಗಳನ್ನು ಕಟ್ಟಿ ಪ್ರದರ್ಶನಕ್ಕಿಟ್ಟ ಕಾಲ ನಿಮಗೆ ಗೊತ್ತಿಲ್ಲ. ಸುತ್ತಲೂ ಕುರ್ಚಿಗಳ ಸಾಲು, ನಡುವೆ ಯಾರೂ ವಾಸವಿಲ್ಲದ ಮನೆಗಳು. ನಮ್ಮವರು ಒಂದು ಭಾನುವಾರ ಗಿರಾಕಿಯ ಹಾಗೆ ಬೂಟು ಬಿಚ್ಚಿಟ್ಟು ಒಳಗೆ ಹೋಗಿ, "ಅಡುಗೆಮನೆ ಸರಿಯಾಗಿ ಎರಡನೇ ಬೇಸ್ ಮೇಲಿದೆ ಕಣೇ. ಆಡೋವಾಗ ಬ್ಯಾಟ್ ಬೀಸಿ ಓಡಿ ಇಲ್ಲೀತನಕ ಬರೋಕೇ ಆಗ್ಲಿಲ್ಲ, ಈಗ ಬಂದೆ ನೋಡು" ಎಂದರು. ಮನೆ ತೋರಿಸುತ್ತಿದ್ದ ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಟೀ ತಂದುಕೊಟ್ಟಳು. ಆಮೇಲೆ ಅದೆಲ್ಲವನ್ನೂ ಕೆಡವಿ ಮಾಲ್ ಎಬ್ಬಿಸಿದರು. ಬ್ಯಾಟ್ ಹಿಡಿದು ನಿಲ್ಲುತ್ತಿದ್ದ ಜಾಗದ ಗುರುತಿಗೆ ನೆಲದಲ್ಲೊಂದು ಬಿಳಿ ಕಲ್ಲಿದೆ. ಜನ ಅದರ ಮೇಲೆ ನಿಂತು ಐಸ್‌ಕ್ರೀಮ್ ತಿನ್ನುತ್ತಾರೆ.

ಮೂರನೇ ಮಹಡಿಯ ನೆನಪಿನ ಮೂಲೆ ನಿಮಗೆ ಗೊತ್ತೇ ಇದೆ. ಅದರ ರಿಬ್ಬನ್ ಕತ್ತರಿಸಿದ್ದೇ ನೀವು. ಗುಂಡಿ ಒತ್ತಿದರೆ ಹಳೆಯ ಪಂದ್ಯವೊಂದರ ಧ್ವನಿ ಕೇಳುತ್ತದೆ. ಪಕ್ಕದ ಗೋಡೆಯಲ್ಲಿ, "ಮೈಕಿನಲ್ಲಿ: ಸುಗಿಯಾಮ ಫುಸಾಕೊ."

ಆ ಪಂದ್ಯದ ದಿನ ನಿಮಗೆ ಗಂಟಲು ಕಟ್ಟಿತ್ತು, ಅಕ್ಕ. ನೀವೇ ನನ್ನನ್ನು ಮೈಕಿನ ಮುಂದೆ ಕೂರಿಸಿದಿರಿ. ನಮ್ಮವರಿಗೆ ದೊಡ್ಡ ತಂಡದಲ್ಲಿ ಬ್ಯಾಟ್ ಹಿಡಿಯಲು ಸಿಕ್ಕಿದ್ದು ಅದೊಂದೇ ಸಲ, ಅದೂ ಜನ ಮೆಚ್ಚಿದ ಆಟಗಾರನೊಬ್ಬನ ಬದಲಿಗೆ. "ಯಾವನೋ ಇವ್ನು? ಮನೇಗ್ ಕಳ್ಸ್ರೋ!" ಎಂದು ಗ್ಯಾಲರಿ ಬೊಬ್ಬೆ ಹಾಕಿತು. ಹೆಸರನ್ನು ಒಂದೇ ಸಲ ಕೂಗಬೇಕೆಂದು ನೀವು ನನಗೆ ಕಲಿಸಿದ್ದಿರಿ. ಆದರೆ ಅವರು ತಲೆಯೆತ್ತದೆ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಇನಾಗಾಕಿ" ಎಂದವಳು ಇನ್ನೊಮ್ಮೆ "ಇನಾಗಾಕಿ" ಎಂದೆ. ಅವರು ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿದರು. ಮೂರು ಎಸೆತಕ್ಕೆ ಔಟಾದರು, ಅದು ಬೇರೆ ಮಾತು.

"ಅವನೇನ್ ನಿನ್ ಗಂಡನಾ, ಎರಡೆರಡ್ ಸಲ ಕರೆಯೋಕೆ?" ಎಂದು ಬೈದವರು ನೀವು. ಮುಂದಿನ ವರ್ಷ ಗಂಡನೇ ಆದರು. ಅದನ್ನು ಮದುವೆಯ ಊಟದಲ್ಲಿ ಹೇಳಿ ಎಲ್ಲರನ್ನೂ ನಗಿಸಿದವರೂ ನೀವೇ. ಆ ಮೂಲೆಯಲ್ಲಿ ಹೆಸರು ಎರಡು ಸಲ ಕೇಳಿಸುತ್ತದೆ. ಅದು ಯಾರ ಬಾಯಿಂದ ಬಂದದ್ದೆಂದು ನಿಮಗೆ ತಿಳಿಯಲಿಲ್ಲವೆಂದರೆ ನಾನು ಹೇಗೆ ನಂಬಲಿ?

ಮಾಲ್‌ನವರನ್ನು ಕೇಳಿದೆ. "ಅಜ್ಜೀ, ಫುಸಾಕೊ ಅವ್ರನ್ನೇ ಕೇಳಿ ಹಾಕಿದ್ದು ನಾವು. ಅವ್ರೊಂದ್ ಮಾತ್ ಹೇಳ್ಲಿ, ನಾಳೆನೇ ಬದಲಾಯಿಸ್ತೀವಿ" ಎಂದರು. ನಿಮಗೆ ಫೋನ್ ಮಾಡಿದೆ. "ಹಳೇದೆಲ್ಲ ಯಾಕ್ ಕೆದಕ್ತೀಯಮ್ಮ? ಯಾರ್ ಧ್ವನಿ ಆದ್ರೇನು, ಜನ ಖುಷಿ ಪಡ್ತಾರಲ್ಲ" ಎಂದಿರಿ. ಆಮೇಲೆ ಬರೆದೆ. ನಮ್ಮವರಿಗೆ ಮರೆವಿನ ರೋಗ ಶುರುವಾಗಿದೆ, ದಿನವೂ ಹೋಗಿ ಆ ಗುಂಡಿ ಒತ್ತಿ ಕೂರುತ್ತಾರೆ, ಅವರಿಗೆ ನೆನಪಿರುವಾಗಲೇ ಆ ಹೆಸರು ಸರಿಯಾಗಲಿ ಎಂದು ಬೇಡಿಕೊಂಡೆ. ನೀವು ಉತ್ತರ ಬರೆಯಲಿಲ್ಲ. ನಿಮಗೆ ಮೈಕಿನ ಮುಂದೆ ಸಾವಿರಾರು ಪಂದ್ಯ ಸಿಕ್ಕಿದ್ದವು. ನನ್ನದೊಂದನ್ನು ನನಗೆ ಬಿಡಲು ಕೈ ಬರಲಿಲ್ಲ. ನನಗೆ ಸಿಟ್ಟಿದೆ, ಅಕ್ಕ. ಮೊದಲು ಬೇಸರ ಎಂದುಕೊಂಡಿದ್ದೆ, ಅಲ್ಲ, ಸಿಟ್ಟೇ.

ಇನ್ನು ಗೋಡೆಯ ಹೆಸರನ್ನು ಬದಲಾಯಿಸಲು ಹೇಳಬೇಡಿ. ಹಾಗೇ ಇರಲಿ.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಚಳಿಗೆ ಕುತ್ತಿಗೆ ಮುಚ್ಚಿಕೊಂಡು ಓಡಾಡಿ, ನಿಮ್ಮ ಗಂಟಲು ಚೆನ್ನಾಗಿರಲಿ.

ನಿಮ್ಮ ಕೈಕೆಳಗೆ ಕಲಿತ
ಇನಾಗಾಕಿ ಮಿತ್ಸುಯೊ

ಮತ್ತೊಂದು ಮಾತು: ಸೆಪ್ಟೆಂಬರಿನಲ್ಲಿ ಕೊನೆಯ ಸಲ ಅವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಆ ಹೊತ್ತಿಗೆ ನಾನು ಯಾರೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಗುಂಡಿ ಒತ್ತಿದರು, ಕೇಳಿದರು, ಗೋಡೆಯ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಗುರುತಿಲ್ಲದವರೊಡನೆ ಮಾತಾಡುವ ಮರ್ಯಾದೆಯಿಂದ ನನ್ನ ಕಡೆ ತಿರುಗಿ, "ನೋಡೀಮ್ಮಾ, ಎಲ್ಲಾರೂ ನಂಗೆ ಮನೆಗ್ ಹೋಗು ಅಂತ ಕೂಗ್ತಿದ್ರೆ ಇವ್ರೊಬ್ರೇ ಎರಡು ಸಲ ನನ್ ಹೆಸರು ಕರೆದ್ರು. ಇವ್ರನ್ನೇ ನಾನು ಮದುವೆ ಆಗಿದ್ದು. ಫುಸಾಕೊ ಅಂತ" ಎಂದರು.

"ಹೌದಾ" ಎಂದೆ. ಕೋಟು ಹಾಕಿಸಿ ಮನೆಗೆ ಕರೆದುಕೊಂಡು ಬಂದೆ.